ಯಾವ ಮರದ ಬಂದಳಿಕೆ?

ಜನವರಿಯಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ಸುತ್ತಲಿನ ಸೇಬಿನ ತೋಪುಗಳಲ್ಲಿ ಒಂದೆಲೆಯೂ ಇರುವುದಿಲ್ಲ. ಬೋಳು ಕೊಂಬೆಗಳಲ್ಲಿ ಹಸಿರು ಚೆಂಡುಗಳು ಮಾತ್ರ ತೂಗುತ್ತಿರುತ್ತವೆ. ಮೊದಲ ವರ್ಷ ಹಕ್ಕಿಗೂಡು ಅಂದುಕೊಂಡಿದ್ದೆ. ಹತ್ತಿರ ಹೋಗಿ ನೋಡಿದರೆ, ಮರದ ಮೇಲೆ ಬೆಳೆದು ಅದರ ರಸ ಹೀರುವ ನಮ್ಮ ಬಂದಳಿಕೆಯ ದಾಯಾದಿ! ಇಲ್ಲಿ ಇದನ್ನು ಮಿಸ್ಟೆಲ್ ಅನ್ನುತ್ತಾರೆ. ಮುತ್ತಿನಂಥ ಬಿಳಿ ಹಣ್ಣು, ಹಿಚುಕಿದರೆ ಬೆರಳಿಗೆಲ್ಲ ಅಂಟು. ತಿಂದರೆ ವಿಷ.

ಪಕ್ಕದ ಮನೆಯ ಅಜ್ಜಿಗೆ ಬಿಪಿ ಜಾಸ್ತಿ. ಡಾಕ್ಟರ್ ಕೊಟ್ಟ ಮಾತ್ರೆ ಜೊತೆಗೆ ಮಿಸ್ಟೆಲ್ ಟೀ ಕೂಡ ಬೇಕು. ಅದನ್ನು ಕುದಿಸುವುದಿಲ್ಲ. ಒಣಗಿದ ಎಲೆ, ಕಡ್ಡಿಯನ್ನು ರಾತ್ರಿ ತಣ್ಣೀರಲ್ಲಿ ನೆನೆಹಾಕಿ ಬೆಳಿಗ್ಗೆ ಸೋಸುತ್ತಾರೆ. ಕುದಿಸಿದರೆ ವಿಷ ಇಳಿಯುತ್ತದೆ ಅಂತ ನಂಬಿಕೆ. ಒಂದು ಗುಟುಕು ಕುಡಿದೆ. ಒದ್ದೆ ಹುಲ್ಲಿನ ರುಚಿ.

ಇದೇ ಗಿಡದ ಇಂಜೆಕ್ಷನ್ ಕೂಡ ಇದೆ. ಮರದ ಮೇಲೆ ಬಂದಳಿಕೆ, ಮೈಯಲ್ಲಿ ಗೆಡ್ಡೆ, ಎರಡೂ ಒಂದೇ ಥರ ಅನ್ನುವುದು ತತ್ವಜ್ಞಾನಿ ರುಡಾಲ್ಫ್ ಸ್ಟೈನರ್ ತರ್ಕ. ಅವರ ಮಾತಿನಂತೆ 1917ರಲ್ಲಿ ವೈದ್ಯೆ ಇಟಾ ವೆಗ್ಮನ್ ಸ್ವಿಟ್ಜರ್ಲೆಂಡಿನಲ್ಲಿ ಕ್ಯಾನ್ಸರ್ ರೋಗಿಗಳಿಗೆ ಇದನ್ನು ಕೊಡಲು ಶುರು ಮಾಡಿದರು. ಗೆಡ್ಡೆ ಕರಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಆದರೂ ಜರ್ಮನಿಯಲ್ಲಿ ಇದು ಈಗಲೂ ನಡೆಯುತ್ತಿದೆ. ನನಗೆ ಮಜಾ ಅನ್ನಿಸಿದ್ದು ಇಸ್ಕಾಡೋರ್ ಅನ್ನುವ ಈ ಇಂಜೆಕ್ಷನ್ ಡಬ್ಬಿ ಮೇಲಿನ ಅಕ್ಷರ. ಎಂ ಅಂದರೆ ಸೇಬಿನ ಮರದ್ದು, ಪಿ ಅಂದರೆ ಪೈನ್ ಮರದ್ದು. ಒಂದೇ ಗಿಡ, ಮರ ಬದಲಾದರೆ ಔಷಧಿ ಬೇರೆ!

ಹಾಂಗ್‌ಕಾಂಗ್‌ನ ಸಹೋದ್ಯೋಗಿ ಕೇಳಿ ನಕ್ಕಳು. ಅವರ ಚೀನೀ ಔಷಧಿಯ ಹೆಸರಲ್ಲೇ ಮರ ಇದೆ: ಸಾಂಗ್ ಜೀಶೆಂಗ್, ಹಿಪ್ಪುನೇರಳೆಯ ಬಂದಳಿಕೆ. (ರಾಮನಗರದ ನನಗೆ ಹಿಪ್ಪುನೇರಳೆ ಅಂದರೆ ರೇಷ್ಮೆ ಹುಳದ ಊಟ, ಅಷ್ಟೇ.) ಇದು ಮಿಸ್ಟೆಲ್ ಅಲ್ಲ, ಅದೇ ಬಳಗದ ಇನ್ನೊಂದು ಗಿಡ. ಸೊಂಟನೋವು, ಮಂಡಿನೋವಿಗೆ ಕೊಡುತ್ತಾರೆ, ಬಸುರಿಯರಿಗೆ ಗರ್ಭ ನಿಲ್ಲಲಿ ಅಂತಲೂ ಕೊಡುತ್ತಾರೆ. 7ನೇ ಶತಮಾನದ ಚೀನಾದ ವೈದ್ಯ ಸುನ್ ಸಿಮಿಯಾವೊ ಅವರ ಕೀಲುನೋವಿನ ಕಷಾಯದಲ್ಲೂ ಇದು ಇತ್ತು. ಇವಳ ಅಮ್ಮ ಮಾತ್ರ ಇದನ್ನು ಚೆನ್ನಾಗಿ ಕುದಿಸಿ, ತಾವರೆ ಬೀಜ, ಕಲ್ಲುಸಕ್ಕರೆ, ಸುಲಿದ ಬೇಯಿಸಿದ ಮೊಟ್ಟೆ ಹಾಕಿ ಕೊಡುತ್ತಿದ್ದರಂತೆ. ಸಿಹಿ ಕಷಾಯದಲ್ಲಿ ಮೊಟ್ಟೆ!

ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಅವರೂ ಸುಮ್ನೆ ಬಿಡಲಿಲ್ಲ. ಹಳೇ ಕಾಲದಲ್ಲಿ ಡ್ರೂಯಿಡ್ ಪೂಜಾರಿಗಳು ಓಕ್ ಮರ ಹತ್ತಿ ಚಿನ್ನದ ಕುಡುಗೋಲಿನಿಂದ ಮಿಸ್ಟೆಲ್ ಕೊಯ್ಯುತ್ತಿದ್ದರು ಅಂತ ರೋಮಿನ ಪ್ಲಿನಿ ಬರೆದಿದ್ದಾನೆ, ಗೊತ್ತಾ ಅಂದರು.

"ನಿಮ್ಮೂರಲ್ಲಿ ಯಾವ ಮರದ್ದು?"

"ಮಾವಿನ ಮರದ್ದು. ಅಪ್ಪ ಮಚ್ಚಿನಲ್ಲಿ ಕಡಿದು ಮೇಕೆಗೆ ಹಾಕುತ್ತಿದ್ದರು" ಅಂದೆ.