ನಾಲ್ಕು ಚಿತ್ರ, 72 ಕಾಪಿ: ಎಕ್ಸ್‌ಪೋಶರ್ ಶೀಟ್ ಆಡ್-ಆನ್‌ಗಳ ಬಗ್ಗೆ

ನಾಯಿಯ ಬಾಲದ ತುದಿಗೆ ಒಂದು ಬಿಳಿ ಮಚ್ಚೆ ಬೇಕು ಅಂದರು. ಅಷ್ಟೇ. ಆರು ಸೆಕೆಂಡಿನ ಅನಿಮೇಶನ್ ಶಾಟ್. ನಾಯಿ ಕೂತಲ್ಲೇ ಕೂತು ಬಾಲ ಆಡಿಸುತ್ತಾ ಇರುತ್ತದೆ, ಬಾಲಕ್ಕೆ ನಾನು ಬರೆದಿದ್ದು ನಾಲ್ಕೇ ನಾಲ್ಕು ಚಿತ್ರ. ನಾಲ್ಕು ಚಿತ್ರಕ್ಕೆ ನಾಲ್ಕು ಮಚ್ಚೆ, ಹತ್ತು ನಿಮಿಷದ ಕೆಲಸ ಅಂತ ಫೈಲ್ ತೆರೆದೆ. ಮೊದಲ ಚಿತ್ರಕ್ಕೆ ಮಚ್ಚೆ ಇಟ್ಟು ಪ್ಲೇ ಮಾಡಿದೆ. ಶುರುವಿನಲ್ಲಿ ಒಂದು ಸಲ ಮಿಂಚಿತು, ಆಮೇಲೆ ಕಾಣಲೇ ಇಲ್ಲ.

ಟೈಮ್‌ಲೈನ್ ಹಿಗ್ಗಿಸಿ ನೋಡಿದ ಮೇಲೆ ಗೊತ್ತಾಯಿತು. ಬಾಲದ ಕ್ರಮ 1, 2, 3, 4, 3, 2. ಒಂದೊಂದಕ್ಕೆ ಎರಡೆರಡು ಫ್ರೇಮ್. ಒಂದು ಸುತ್ತಿಗೆ 12 ಫ್ರೇಮ್, ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಅರ್ಧ ಸೆಕೆಂಡ್. ಆರು ಸೆಕೆಂಡಿಗೆ 12 ಸುತ್ತು. ನಾನು ಬಳಸಿದ ಎಕ್ಸ್‌ಪೋಶರ್ ಶೀಟ್ ಆಡ್-ಆನ್, ಅಂದರೆ ಸಾಫ್ಟ್‌ವೇರ್‌ಗೆ ಹೊರಗಿಂದ ಸೇರಿಸಿಕೊಳ್ಳುವ ಉಪಕರಣ, ಮೇಲ್ನೋಟಕ್ಕೆ ಚಿತ್ರಗಳ ಅಂಕಿಗಳನ್ನು ಚೆಂದವಾಗಿ ತೋರಿಸುತ್ತಿತ್ತು, ಆದರೆ ಒಳಗೊಳಗೆ ಪ್ರತಿ ಸಲವೂ ಆ ಚಿತ್ರದ ಹೊಸ ಕಾಪಿ ಮಾಡಿ ಇಡುತ್ತಿತ್ತು. ಸುತ್ತಿಗೆ ಆರು, ಒಟ್ಟು 72 ಕಾಪಿ. ಆ ರಾತ್ರಿ ಕೂತು 72 ಮಚ್ಚೆ ಹಾಕಿದೆ. ಆವತ್ತಿನಿಂದ ನಾನು ಇಂಥ ಆಡ್-ಆನ್‌ಗಳನ್ನು ನೋಡುವ ರೀತಿಯೇ ಬದಲಾಯಿತು.

ಎಕ್ಸ್‌ಪೋಶರ್ ಶೀಟ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಉದ್ದದ ಒಂದು ಹಾಳೆ. ಒಂದು ಸಾಲು ಅಂದರೆ ಒಂದು ಫ್ರೇಮ್. ಮೇಲಿಂದ ಕೆಳಗೆ ಸಮಯ ಹರಿಯುತ್ತದೆ. ಅಡ್ಡಕ್ಕೆ ಕಾಲಂಗಳು: ಏನು ನಡೆಯುತ್ತಿದೆ ಅನ್ನೋ ಟಿಪ್ಪಣಿ, ಮಾತು, ಆಮೇಲೆ ಒಂದೊಂದು ಲೆವೆಲ್‌ಗೆ, ಅಂದರೆ ಒಂದರ ಮೇಲೊಂದು ಇಡುವ ಚಿತ್ರಗಳ ಪದರಕ್ಕೆ, ಒಂದೊಂದು ಕಾಲಂ, ಕೊನೆಗೆ ಕ್ಯಾಮೆರಾ. ಕಾಗದದ ಕಾಲದಲ್ಲಿ ಚಿತ್ರಗಳ ಕಟ್ಟಿನ ಜೊತೆ ಈ ಹಾಳೆಯೂ ಕ್ಯಾಮೆರಾದವರ ಕೈಗೆ ಹೋಗುತ್ತಿತ್ತು. ಅವರು ಒಂದೊಂದೇ ಸಾಲು ಓದಿಕೊಂಡು, ಹೇಳಿದ ಚಿತ್ರವನ್ನು ಕ್ಯಾಮೆರಾದ ಕೆಳಗೆ ಇಟ್ಟು, ಎಷ್ಟು ಫ್ರೇಮ್ ಅಂತ ಬರೆದಿದೆಯೋ ಅಷ್ಟು ಸಲ ಫಿಲ್ಮ್‌ಗೆ ಬೆಳಕು ತೋರಿಸುತ್ತಿದ್ದರು. ಎಕ್ಸ್‌ಪೋಶರ್ ಅನ್ನೋ ಹೆಸರು ಬಂದಿದ್ದು ಅಲ್ಲಿಂದಲೇ. 35 ಎಂಎಂ ಫಿಲ್ಮ್‌ನಲ್ಲಿ ಒಂದು ಅಡಿಗೆ 16 ಫ್ರೇಮ್, ಹಾಗಾಗಿ ಹಳೇ ಹಾಳೆಗಳಲ್ಲಿ 16 ಸಾಲಿಗೊಂದು ದಪ್ಪ ಗೆರೆ ಕಾಣುತ್ತದೆ. ಜಪಾನಿನ ಸ್ಟುಡಿಯೋಗಳಲ್ಲಿ ಸಾಮಾನ್ಯವಾಗಿ ಒಂದು ಹಾಳೆಗೆ 6 ಸೆಕೆಂಡ್, 144 ಫ್ರೇಮ್. ನನ್ನ ನಾಯಿಯ ಶಾಟ್ ಸರಿಯಾಗಿ ಒಂದು ಹಾಳೆಯಷ್ಟು.

ಈಗ ಮುಖ್ಯವಾದ ಮಾತು. ಆ ಹಾಳೆಯಲ್ಲಿ ಇದ್ದದ್ದು ಚಿತ್ರ ಅಲ್ಲ, ಚಿತ್ರದ ನಂಬರ್. 3 ಅಂತ ಹತ್ತು ಕಡೆ ಬರೆದಿದ್ದರೂ ಮೇಜಿನ ಮೇಲೆ ಮೂರನೇ ಚಿತ್ರ ಒಂದೇ ಇರುತ್ತಿತ್ತು. ಅದನ್ನು ತಿದ್ದಿದರೆ ಹತ್ತೂ ಕಡೆ ತಿದ್ದಿದ ಹಾಗೆ. ಚಿತ್ರವೇ ಬೇರೆ, ಅದು ಯಾವಾಗ ಎಷ್ಟು ಹೊತ್ತು ಕಾಣಬೇಕು ಅನ್ನೋದೇ ಬೇರೆ. ನನ್ನ ಮಟ್ಟಿಗೆ ಎಕ್ಸ್‌ಪೋಶರ್ ಶೀಟ್‌ನ ಜೀವ ಇರೋದೇ ಇಲ್ಲಿ. ಈ ಎರಡನ್ನೂ ಬೇರೆ ಬೇರೆಯಾಗಿ ಇಡದ ಆಡ್-ಆನ್ ಎಷ್ಟೇ ಚೆಂದ ಕಂಡರೂ ಅದು ಅಡ್ಡಕ್ಕಿದ್ದ ಟೈಮ್‌ಲೈನನ್ನೇ ನೆಟ್ಟಗೆ ನಿಲ್ಲಿಸಿ ತೋರಿಸಿದ ಹಾಗೆ, ಅಷ್ಟೇ.

ಓಪನ್‌ಟೂನ್ಜ್ ಅನ್ನೋ ಅನಿಮೇಶನ್ ಸಾಫ್ಟ್‌ವೇರ್‌ನಲ್ಲಿ ಈ ಶೀಟ್ ಹುಟ್ಟಿನಿಂದಲೇ ಇದೆ. 2016ರಲ್ಲಿ ಅದನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟಾಗ ನನ್ನಂಥ ಎಷ್ಟೋ ಜನ ಶೀಟ್‌ನಲ್ಲಿ ಕೆಲಸ ಮಾಡೋದನ್ನು ಕಲಿತಿದ್ದು ಅಲ್ಲೇ. ಸೆಲ್‌ಗಳನ್ನು (ಶೀಟ್‌ನ ಮನೆಗಳನ್ನು) ಆಯ್ದು ಸ್ವಿಂಗ್ ಅಂದರೆ ಹೋಗಿಬರುವ ಕ್ರಮ ತಾನೇ ಬರುತ್ತದೆ, ರೀಫ್ರೇಮ್‌ನಲ್ಲಿ ಎರಡು ಅಂದರೆ ಎಲ್ಲವೂ ಎರಡೆರಡು ಫ್ರೇಮ್ ಆಗುತ್ತದೆ. ಟೂನ್ ಬೂಮ್ ಹಾರ್ಮನಿ, ಟಿವಿಪೇಂಟ್‌ನಲ್ಲೂ ಶೀಟ್ ಇದೆ. ಆಡ್-ಆನ್ ಬೇಕಾಗೋದು ಬ್ಲೆಂಡರ್, ಕ್ರಿತಾ, ಫೋಟೋಶಾಪ್‌ನಂಥ ಕಡೆ. ಬ್ಲೆಂಡರ್‌ನಲ್ಲಿ ಡೋಪ್ ಶೀಟ್ ಅನ್ನೋ ಹೆಸರಿನ ಎಡಿಟರ್ ಇದೆ, ಹೆಸರು ಹಳೇ ಹಾಳೆಯದ್ದೇ, ಆದರೆ ಅದು ಅಡ್ಡಕ್ಕೆ ಹಾಸಿದ ಕೀ ಫ್ರೇಮ್‌ಗಳ, ಅಂದರೆ ಚಿತ್ರ ಬದಲಾಗುವ ಫ್ರೇಮ್‌ಗಳ, ಸಾಲು. ಅಲ್ಲಿ ಚುಕ್ಕಿಗಳು ಕಾಣುತ್ತವೆ, ಯಾವ ಚುಕ್ಕಿ ಯಾವ ಚಿತ್ರ ಅಂತ ಕಾಣೋದಿಲ್ಲ.

ಹೊಸ ಆಡ್-ಆನ್ ಸಿಕ್ಕಿದರೆ ನಾನು ಮೊದಲು ಮಾಡೋದು ಒಂದೇ ಪರೀಕ್ಷೆ. ಖಾಲಿ ಫೈಲ್‌ನಲ್ಲಿ ಎರಡು ಚಿತ್ರ, ಒಂದು ವೃತ್ತ, ಒಂದು ಚೌಕ. ಶೀಟ್‌ನಲ್ಲಿ 1, 2, 1, 2, 1 ಅಂತ ಇಡುತ್ತೇನೆ. ಆಮೇಲೆ ಕೊನೆಯ ವೃತ್ತದ ಒಳಗೆ ಒಂದು ಚುಕ್ಕಿ ಇಟ್ಟು ಮೊದಲ ಫ್ರೇಮ್‌ಗೆ ಹೋಗುತ್ತೇನೆ. ಚುಕ್ಕಿ ಅಲ್ಲೂ ಇದ್ದರೆ ಆಡ್-ಆನ್ ನಂಬರ್ ಲೆಕ್ಕದಲ್ಲಿ ಕೆಲಸ ಮಾಡುತ್ತಿದೆ. ಇಲ್ಲದಿದ್ದರೆ ಕಾಪಿ ಮಾಡುತ್ತಿದೆ. ಅರ್ಧ ನಿಮಿಷ ಸಾಕು ಇದಕ್ಕೆ. ಕಾಪಿ ಮಾಡುವ ಆಡ್-ಆನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಮತ್ತೆ ಮತ್ತೆ ಬರುವ ಚಿತ್ರವೇ ಇಲ್ಲದ ಶಾಟ್‌ಗೆ ಅದರಿಂದ ಏನೂ ತೊಂದರೆ ಇಲ್ಲ, ಆದರೆ ಸುತ್ತು ಇರುವ ಕೆಲಸಕ್ಕೆ ಇಳಿಯುವ ಮೊದಲೇ ಅದು ಗೊತ್ತಿರಬೇಕು. ಬ್ಲೆಂಡರ್‌ನಲ್ಲಿ ಕೈಯಿಂದ ಚಿತ್ರ ಬರೆಯುವ ಗ್ರೀಸ್ ಪೆನ್ಸಿಲ್‌ನಲ್ಲಾದರೆ ಇಂಥ ಹೋಗಿಬರುವ ಚಲನೆಗೆ ಟೈಮ್ ಆಫ್‌ಸೆಟ್ ಮಾಡಿಫೈಯರ್ ಇದೆ, ಪಿಂಗ್ ಪಾಂಗ್ ಅಂತ ಆಯ್ಕೆ ಮಾಡಿದರೆ ಇರುವ ನಾಲ್ಕೇ ಚಿತ್ರಗಳು ಮುಂದೆ ಹಿಂದೆ ಓಡುತ್ತವೆ, ಕಾಪಿಯ ಗೊಡವೆಯೇ ಇಲ್ಲ. ಅದು ನನಗೆ ಆ 72 ಮಚ್ಚೆ ಹಾಕಿದ ಮೇಲೆ ಗೊತ್ತಾಯಿತು.

ನಂಬರ್ ಲೆಕ್ಕದಲ್ಲಿ ಕೆಲಸ ಮಾಡುವ ಶೀಟ್ ಸಿಕ್ಕಿದರೆ ಎಂಥಾ ಸುಖ ಅನ್ನೋದನ್ನು ಅದೇ ಬಾಲದಲ್ಲಿ ತೋರಿಸುತ್ತೇನೆ. ಎಲ್ಲಾ ಚಿತ್ರಕ್ಕೂ ಎರಡೆರಡು ಫ್ರೇಮ್ ಇದ್ದಾಗ ಬಾಲ ಗಡಿಯಾರದ ಲೋಲಕದ ಹಾಗೆ ಒಂದೇ ಸಮ ಆಡುತ್ತಿತ್ತು. ನಾಯಿ ಸುಮ್ನೆ ಕೂತಿದೆ ಅನ್ನಿಸುತ್ತಿತ್ತು, ಯಾರನ್ನೋ ನೋಡಿ ಖುಷಿಯಾಗಿದೆ ಅನ್ನಿಸುತ್ತಿರಲಿಲ್ಲ. ಶೀಟ್‌ನಲ್ಲಿ 1 ಮತ್ತು 4ಕ್ಕೆ, ಅಂದರೆ ಎರಡು ತುದಿಗಳಿಗೆ, ನಾಲ್ಕು ನಾಲ್ಕು ಫ್ರೇಮ್ ಕೊಟ್ಟೆ. ನಡುವಿನ 2, 3 ಹೋಗುವಾಗಲೂ ಬರುವಾಗಲೂ ಒಂದೊಂದೇ ಫ್ರೇಮ್. ಒಟ್ಟು ಲೆಕ್ಕ ಮಾಡಿ ನೋಡಿ, ಎಂಟು ಮತ್ತು ನಾಲ್ಕು, ಅದೇ 12. ಸುತ್ತಿನ ಉದ್ದ ಬದಲಾಗಲಿಲ್ಲ, ಒಂದು ಗೆರೆಯೂ ಹೊಸದಾಗಿ ಬರೆಯಲಿಲ್ಲ. ಆದರೆ ಬಾಲ ಈಗ ಪಟ್ ಪಟ್ ಅಂತ ಎರಡು ಬದಿಗೆ ಹೊಡೆಯತೊಡಗಿತು. ನಾಯಿಗೆ ಖುಷಿ ಬಂತು. ಟೈಮ್‌ಲೈನ್‌ನಲ್ಲಿ ಇದೇ ಕೆಲಸಕ್ಕೆ ಒಂದೊಂದೇ ಕೀ ಹಿಡಿದು ಎಳೆಯಬೇಕು, ಒಂದನ್ನು ಎಳೆದರೆ ಪಕ್ಕದ್ದರ ಮೇಲೆ ಹತ್ತುತ್ತದೆ, ಆಮೇಲೆ ಅದನ್ನು ಸರಿಸಬೇಕು. ಶೀಟ್‌ನಲ್ಲಿ ಅದು ನಾಲ್ಕು ಅಂಕಿ ಟೈಪ್ ಮಾಡಿದಷ್ಟು ಹಗುರ. ಹಗುರ ಇದ್ದಾಗಲೇ ಅಲ್ವಾ ನಾವು ಇನ್ನೊಂದು ಸಲ, ಇನ್ನೊಂದು ರೀತಿ ಅಂತ ಪ್ರಯತ್ನ ಮಾಡೋದು.

ಮಾತಿನ ಕಾಲಂ ಬಗ್ಗೆ ನನಗೆ ವಿಶೇಷ ಪ್ರೀತಿ. ಕನ್ನಡದಲ್ಲಿ ತುಟಿ ಹೊಂದಿಸುವಾಗ ಶೀಟ್ ಇಲ್ಲದೆ ನನಗೆ ಕೈ ಓಡೋದಿಲ್ಲ. "ಅಮ್ಮಾ, ಬಾ ಇಲ್ಲಿ" ಅನ್ನೋ ಸಣ್ಣ ಮಾತು ತಗೊಳ್ಳಿ. ಅ ಅಂದಾಗ ಬಾಯಿ ತೆರೆದಿದೆ. ಮ್ಮ ಅಂದಾಗ ತುಟಿ ಮುಚ್ಚುತ್ತದೆ, ಮತ್ತೆ ಅದು ಒತ್ತಕ್ಷರ, ಒಂಟಿ ಮ ತರಹ ಬಂದು ಹೋಗೋದಿಲ್ಲ, ಅಲ್ಲಿ ತುಟಿ ಒಂದು ಕ್ಷಣ ನಿಲ್ಲುತ್ತದೆ. ಅದಕ್ಕೆ ನಾನು ನಾಲ್ಕು ಫ್ರೇಮ್ ಕೊಡುತ್ತೇನೆ. ಬಾ ಅನ್ನುವ ಮೊದಲು ಮುಚ್ಚಿದ ತುಟಿಗೆ ಎರಡು ಸಾಕು. ಎರಡಕ್ಕಿಂತ ಕಡಿಮೆ ಕೊಟ್ಟರೆ ಮುಚ್ಚಿದ್ದು ಕಣ್ಣಿಗೆ ಬೀಳೋದೇ ಕಷ್ಟ. ಇಲ್ಲಿ ಅನ್ನೋದರಲ್ಲೂ ಒತ್ತು ಇದೆ, ನಾಲಿಗೆಯ ತುದಿ ಮೇಲಕ್ಕೆ ಅಂಟಿ ನಿಲ್ಲುತ್ತದೆ. ನಮ್ಮ ಮಾತು ಹೆಚ್ಚಾಗಿ ಸ್ವರದಲ್ಲೇ ಮುಗಿಯೋದರಿಂದ ವಾಕ್ಯದ ಕೊನೆಗೆ ಬಾಯಿ ತೆರೆದೇ ಇರುತ್ತದೆ, ನಿಧಾನಕ್ಕೆ ಮುಚ್ಚಿಕೊಳ್ಳಲು ಕೆಳಗೆ ನಾಲ್ಕೈದು ಸಾಲು ಬಿಟ್ಟುಕೊಳ್ಳಬೇಕು. ಅಕ್ಷರಗಳನ್ನು ಸಾಲಿಗೊಂದರಂತೆ ಕನ್ನಡದಲ್ಲೇ ಬರೆದುಕೊಂಡರೆ ಇದೆಲ್ಲ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ಹಾಗಾಗಿ ಆಡ್-ಆನ್‌ನ ಟಿಪ್ಪಣಿ ಕಾಲಂ ಕನ್ನಡ ಅಕ್ಷರವನ್ನು ಮುರಿಯದೆ ತೋರಿಸುತ್ತದಾ ಅಂತ ನಾನು ನೋಡೇ ನೋಡುತ್ತೇನೆ. ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಆ ಕಾಲಂ ಇದ್ದೂ ಇಲ್ಲದ ಹಾಗೆ.

ತಾನೇ ತುಟಿ ಹೊಂದಿಸಿ ಕೊಡುವ ರೂಬಾರ್ಬ್ ಲಿಪ್ ಸಿಂಕ್ ಇದೆ, ಉಚಿತ. ಅದು ಮೊದಲಿಗೆ ಇಂಗ್ಲಿಷ್ ಮಾತು ಅಂತಲೇ ಅಂದುಕೊಳ್ಳುತ್ತದೆ, ಬೇರೆ ಭಾಷೆಗೆ ಫೊನೆಟಿಕ್ ಅನ್ನೋ ಆಯ್ಕೆ ಕೊಡಬೇಕು. ಅದು ಕೊಟ್ಟಿದ್ದನ್ನು ಶೀಟ್‌ಗೆ ತಂದುಕೊಂಡು ಒತ್ತಕ್ಷರಗಳನ್ನು ಕೈಯಲ್ಲಿ ಹಿಗ್ಗಿಸುತ್ತೇನೆ, ಆಮೇಲೆ ಇಡೀ ಬಾಯಿಯ ಕಾಲಂ ಒಂದು ಫ್ರೇಮ್ ಮೇಲಕ್ಕೆ ಸರಿಸುತ್ತೇನೆ. ಬಾಯಿ ಮಾತಿಗಿಂತ ಒಂದೆರಡು ಫ್ರೇಮ್ ಮುಂಚೆ ಇದ್ದರೆ ಚೆನ್ನಾಗಿ ಕೂರುತ್ತದೆ, ಹಿಂದೆ ಬಿದ್ದರೆ ತಕ್ಷಣ ಗೊತ್ತಾಗುತ್ತದೆ.

ಕ್ಯಾಮೆರಾ ಕಾಲಂ ಜಾಸ್ತಿ ಜನ ಖಾಲಿ ಬಿಡುತ್ತಾರೆ. ಬಿಡಬೇಡಿ. ಕ್ಯಾಮೆರಾ ಪ್ರತಿ ಫ್ರೇಮ್‌ಗೂ ಸರಿಯುತ್ತಾ ಪಾತ್ರ ಮಾತ್ರ ಎರಡೆರಡು ಫ್ರೇಮ್‌ನಲ್ಲಿ ನಡೆದರೆ ಅದರ ಕಾಲು ನೆಲದ ಮೇಲೆ ಜಾರಿದ ಹಾಗೆ ನಡುಗುತ್ತದೆ. ಎರಡು ಕಾಲಂ ಪಕ್ಕಪಕ್ಕ ಇದ್ದರೆ ರೆಂಡರ್ ಮಾಡುವ ಮೊದಲೇ ಇದು ಕಾಣುತ್ತದೆ, ಅಷ್ಟು ಸಾಲಿಗೆ ಮಾತ್ರ ಒಂದೊಂದು ಫ್ರೇಮ್‌ಗೆ ಚಿತ್ರ ಬರೆದರಾಯಿತು.

ಇನ್ನು ಕೆಲವು ಸಣ್ಣಪುಟ್ಟ ವಿಷಯ, ಬೇಗ ಹೇಳಿ ಮುಗಿಸುತ್ತೇನೆ. ಕ್ರಿತಾದಲ್ಲಿ ಫ್ರೇಮ್ ಎಣಿಕೆ 0ಯಿಂದ ಶುರು, ಬ್ಲೆಂಡರ್‌ನಲ್ಲಿ ಶಾಟ್ ಸಾಮಾನ್ಯವಾಗಿ 1ರಿಂದ. ಒಂದರಲ್ಲಿ ಬರೆದ ಶೀಟನ್ನು ಇನ್ನೊಂದಕ್ಕೆ ಒಯ್ದರೆ ಎಲ್ಲವೂ ಒಂದು ಫ್ರೇಮ್ ಜಾರುತ್ತದೆ, ಚಲನೆಯಲ್ಲಿ ಗೊತ್ತಾಗದಿದ್ದರೂ ತುಟಿಯಲ್ಲಿ ಗೊತ್ತಾಗುತ್ತದೆ. ಶೀಟನ್ನು ಹೊರಗೆ ಕಳಿಸುವ ದಾರಿ ಇದೆಯಾ ನೋಡಿ. ಕ್ಲಿಪ್ ಸ್ಟುಡಿಯೋ ಪೇಂಟ್ ಎಕ್ಸ್‌ಡಿಟಿಎಸ್ ಅನ್ನೋ ರೂಪದಲ್ಲಿ ಶೀಟ್ ಕೊಡುತ್ತದೆ, ಓಪನ್‌ಟೂನ್ಜ್ ಅದನ್ನು ಓದುತ್ತದೆ, ಒಳಗಿರೋದು ಬರೀ ಪಠ್ಯವಾದ್ದರಿಂದ ನಾಳೆ ಆಡ್-ಆನ್ ನಿಂತು ಹೋದರೂ ನಿಮ್ಮ ಟೈಮಿಂಗ್ ಉಳಿಯುತ್ತದೆ. ಇದು ಸುಮ್ನೆ ಹೇಳುತ್ತಿಲ್ಲ. 2024ರ ನವೆಂಬರ್‌ನಲ್ಲಿ ಬಂದ ಬ್ಲೆಂಡರ್ 4.3ರಲ್ಲಿ ಗ್ರೀಸ್ ಪೆನ್ಸಿಲನ್ನು ಬುಡದಿಂದಲೇ ಹೊಸದಾಗಿ ಕಟ್ಟಿದರು, ಹಳೇ ಗ್ರೀಸ್ ಪೆನ್ಸಿಲ್‌ಗೆ ಬರೆದಿದ್ದ ಆಡ್-ಆನ್‌ಗಳನ್ನು ತಿದ್ದಿ ಬರೆಯಬೇಕಾಯಿತು. ನಡುವಿನಲ್ಲಿರುವ ಕೆಲಸದ ಮೇಲೆ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಬೇಡಿ, ಆ ಕೆಲಸ ಮುಗಿಯುವ ತನಕ ಹಳೇ ಆವೃತ್ತಿ ಪಕ್ಕದಲ್ಲಿ ಇರಲಿ.

ಈಗ ನಾನು ಶಾಟ್ ಶುರು ಮಾಡೋದೇ ಖಾಲಿ ಶೀಟ್‌ನಿಂದ. ಸ್ಟಾಪ್‌ವಾಚ್ ಹಿಡಿದು ಎದ್ದು ನಿಂತು ಆ ಚಲನೆಯನ್ನು ನಾನೇ ನಾಲ್ಕೈದು ಸಲ ಮಾಡಿ ನೋಡುತ್ತೇನೆ, ಬಂದ ಸಮಯವನ್ನು 24ರಿಂದ ಗುಣಿಸಿ, ಮುಖ್ಯ ಭಂಗಿಗಳ ನಂಬರ್‌ಗಳನ್ನು ಕಾಲಂನಲ್ಲಿ ಬರೆದು, ನಡುವೆ ಎಷ್ಟು ಸಾಲು ಖಾಲಿ ಇದೆ ಅಂತ ನೋಡುತ್ತೇನೆ. ಆ ಖಾಲಿ ಸಾಲುಗಳನ್ನು ಎಣಿಸಿದ ಮೇಲೆ ಪೆನ್ ಕೈಗೆ ತಗೊಳ್ಳುತ್ತೇನೆ.