ಸಿಕಂದ್ರಾದ ಮಾತು ಬಾರದ ಮಕ್ಕಳು

ಆಗ್ರಾಕ್ಕೆ ಹೋದವರು ತಾಜ್ ನೋಡುತ್ತಾರೆ, ಕೋಟೆ ನೋಡುತ್ತಾರೆ, ಪೇಠಾ ಎಂಬ ಸಿಹಿ ಕಟ್ಟಿಸಿಕೊಂಡು ರೈಲು ಹತ್ತುತ್ತಾರೆ. ಪುರುಸೊತ್ತು ಇದ್ದವರು ಸಿಕಂದ್ರಾಕ್ಕೂ ಬಂದು ಅಕ್ಬರನ ಗೋರಿ ನೋಡಿ ಹೋಗುತ್ತಾರೆ. ನನ್ನನ್ನು ಅಲ್ಲಿಗೆ ಎಳೆದದ್ದು ಮಾತ್ರ ತೋಳ ಸಾಕಿದ್ದು ಎನ್ನಲಾದ ಒಬ್ಬ ಹುಡುಗ.

ಮಥುರಾ ರಸ್ತೆಯಲ್ಲಿ ಆಟೋ ಲಾರಿಗಳ ನಡುವೆ ನುಸುಳುತ್ತಾ ಹೋಯಿತು. ಅಕ್ಬರನ ಗೋರಿಯ ಹೆಬ್ಬಾಗಿಲು ನೋಡಿದರೆ ಕತ್ತು ನೋಯುತ್ತದೆ. ಕೆಂಪು ಕಲ್ಲು, ಮೇಲೆ ನಾಲ್ಕು ಬಿಳಿ ಮಿನಾರು. ಒಳಗಿನ ಹುಲ್ಲಿನಲ್ಲಿ ಕೃಷ್ಣಮೃಗಗಳು ಆರಾಮಾಗಿ ಮೇಯುತ್ತಿದ್ದವು. ಇಳಿಜಾರಿನ ಕತ್ತಲ ಓಣಿ ದಾಟಿದರೆ ಸಮಾಧಿಯ ಕೋಣೆ. ಹೊರಗೆ ಅಷ್ಟೆಲ್ಲ ಅಲಂಕಾರ, ಒಳಗೆ ಒಂದು ಸಾದಾ ಬಿಳಿ ಕಲ್ಲು, ಅಷ್ಟೇ. ಯಾರೋ ಜೋರಾಗಿ ಕೂಗಿದರು. ದನಿ ಮೇಲೆ ಹೋಗಿ ಸುತ್ತಾಡಿ ಇಳಿಯಿತು.

ಇದೇ ಅಕ್ಬರ್ ಒಂದು ಪರೀಕ್ಷೆ ಮಾಡಿಸಿದ್ದ. ಮಾತು ಕೇಳದೇ ಬೆಳೆದ ಮಗು ಮಾತಾಡುತ್ತದಾ ಅಂತ ನೋಡಬೇಕಿತ್ತು ಅವನಿಗೆ. ಹಾಲು ಕುಡಿಯುವ ಕೂಸುಗಳನ್ನು ಊರಿಂದ ದೂರದ ಮನೆಯೊಂದರಲ್ಲಿ ಇಟ್ಟರು. ದಾದಿಯರು ತುಟಿ ಬಿಚ್ಚುವಂತಿರಲಿಲ್ಲ. ಜನ ಅದನ್ನು ಗುಂಗ್ ಮಹಲ್, ಅಂದರೆ ಮೂಕರ ಮಹಲ್ ಎಂದರು. ಅಕ್ಬರನ ಆಸ್ಥಾನದ ಇತಿಹಾಸಕಾರ ಬದಾಯೂನಿಯ ಪ್ರಕಾರ ಸುಮಾರು 20 ಕೂಸುಗಳು, ತಾಯಂದಿರಿಗೆ ಹಣ ಕೊಟ್ಟು ತಂದವು. 1582ರಲ್ಲಿ ದೊರೆ ಹೋಗಿ ನೋಡಿದಾಗ ಒಂದು ಮಾತೂ ಹೊರಡಲಿಲ್ಲ, ಮೂಕರ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ ಎಂದು ಅದೇ ಆಸ್ಥಾನದ ಇನ್ನೊಬ್ಬ ಇತಿಹಾಸಕಾರ ಅಬುಲ್ ಫಜಲ್ ಬರೆದಿಟ್ಟಿದ್ದಾನೆ. ಕೇಳದೇ ಮಾತು ಬರುವುದಿಲ್ಲ ಎಂಬ ದೊರೆಯ ಅನುಮಾನ ನಿಜವಾಯಿತು. ಆ ಕೂಸುಗಳ ಗತಿ ಯಾರಿಗೆ ಬೇಕಿತ್ತು?

ಅಲ್ಲಿಂದ ಮರಿಯಮ್ ಉಜ್ ಜಮಾನಿಯ ಗೋರಿಗೆ ಹೊರಟೆ. ಅಕ್ಬರನ ರಾಣಿ, ಜಹಾಂಗೀರನ ತಾಯಿ. "ಅಲ್ಲೇನಿದೆ ಸಾಹೇಬ್ರೇ, ಯಾರೂ ಹೋಗಲ್ಲ" ಎಂದ ಆಟೋದವನು. ಹೋದರೆ ನಿಜಕ್ಕೂ ಜನವೇ ಇಲ್ಲ. ಗುಮ್ಮಟವಿಲ್ಲದ ಚೌಕ ಕಟ್ಟಡ, ಮೂಲೆಗಳಲ್ಲಿ ಛತ್ರಿಯಂಥ ಪುಟ್ಟ ಮಂಟಪಗಳು, ಒಳಗೆ ಕಮಾನಿನ ಹಿಂದೆ ಕಮಾನು. ಗೋಡೆಯ ಗಾರೆ ಅಲ್ಲಲ್ಲಿ ಕಿತ್ತು ಇಟ್ಟಿಗೆ ಕಾಣುತ್ತಿತ್ತು. ಬ್ರಿಟಿಷರ ಕಾಲದಲ್ಲಿ ಚರ್ಚ್ ಮಿಷನರಿ ಸೊಸೈಟಿ ಇಲ್ಲಿ ಅನಾಥಾಲಯ, ಅಚ್ಚುಕೂಟ ನಡೆಸುತ್ತಿತ್ತು. 1837-38ರ ಬರದಲ್ಲಿ ಅಪ್ಪ-ಅಮ್ಮನ್ನ ಕಳಕೊಂಡ ಮಕ್ಕಳಿಗಾಗಿ ಶುರುವಾದದ್ದು.

1867ರಲ್ಲಿ ಆ ಅನಾಥಾಲಯಕ್ಕೆ ಬುಲಂದ್‌ಶಹರ್ ಕಡೆಯಿಂದ ಒಬ್ಬ ಹುಡುಗ ಬಂದ. ವಯಸ್ಸು ಆರರ ಆಸುಪಾಸು. ಬೇಟೆಗಾರರು ಗುಹೆಗೆ ಹೊಗೆ ಹಾಕಿ ತೋಳವನ್ನು ಹೊರಡಿಸಿ ಕೊಂದರು, ಜೊತೆಗೆ ಇವನೂ ಸಿಕ್ಕಿದ ಅನ್ನುವುದು ಕಥೆ. ಶನಿವಾರ ಬಂದನೆಂದು ಸನೀಚರ್ ಅಂತ ಹೆಸರಿಟ್ಟರು. ಮೊದಮೊದಲು ನಾಲ್ಕು ಕಾಲಲ್ಲಿ ಓಡಾಟ, ಹಸಿ ಮಾಂಸ, ಕಡಿಯೋಕೆ ಮೂಳೆ. ನಿಧಾನಕ್ಕೆ ಬಟ್ಟೆ ಹಾಕಿಕೊಳ್ಳೋದು, ತಟ್ಟೆಯಲ್ಲಿ ಉಣ್ಣೋದು ಕಲಿತ. ಮನುಷ್ಯರಿಂದ ಇನ್ನೊಂದನ್ನೂ ಚೆನ್ನಾಗಿ ಕಲಿತ: ಹೊಗೆಸೊಪ್ಪು ಸೇದೋದು. ಮಾತು ಮಾತ್ರ ಬರಲೇ ಇಲ್ಲ. 1895ರಲ್ಲಿ ಕ್ಷಯದಿಂದ ತೀರಿಕೊಂಡ. ಇಷ್ಟೂ ವರ್ಷ ಮನುಷ್ಯರ ನಡುವೆಯೇ ಇದ್ದ ಅನ್ನೋದನ್ನ ಮರೆಯಬೇಡಿ.

ತೋಳ ಸಾಕಿದ್ದು ನಿಜವೇ? ನನಗೆ ನಂಬಿಕೆ ಇಲ್ಲ. ತೋಳದ ಮರಿ ಎರಡು-ಎರಡೂವರೆ ತಿಂಗಳಿಗೇ ಹಾಲು ಬಿಡುತ್ತದೆ. ಅಷ್ಟರಲ್ಲಿ ನಮ್ಮ ಕೂಸಿಗೆ ಕತ್ತೇ ಸರಿಯಾಗಿ ನಿಂತಿರಲ್ಲ. ಈ ಸೀಮೆಯಲ್ಲಿ ತೋಳ ಮಕ್ಕಳನ್ನು ಹೊತ್ತೊಯ್ಯುವುದು ಮಾತ್ರ ಸುಳ್ಳಲ್ಲ. 2024ರಲ್ಲೂ ಉತ್ತರ ಪ್ರದೇಶದ ಬಹ್ರೈಚ್‌ನಲ್ಲಿ ಮಕ್ಕಳು ಸತ್ತರು. ಹಾಗಿರುವಾಗ ಬರಗಾಲದಲ್ಲಿ ಕಾಡಂಚಿಗೆ ಬಿಟ್ಟುಹೋದ, ಹುಟ್ಟಿನಿಂದಲೇ ಬುದ್ಧಿ ಬೆಳೆಯದ ಮಗು ಸಿಕ್ಕರೆ ಜನ ಏನನ್ನುತ್ತಾರೆ? ಬಿಟ್ಟುಹೋದ ಅಪ್ಪ-ಅಮ್ಮನ ಕಥೆಗಿಂತ ತೋಳದ ಕಥೆ ಹೇಳೋಕೂ ಕೇಳೋಕೂ ಸಲೀಸು, ಅಲ್ವಾ? ಬಂಗಾಳದ ಮಿಡ್ನಾಪುರದ ಅಮಲಾ-ಕಮಲಾ ಎಂಬ ಹುಡುಗಿಯರದ್ದೂ ಇದೇ ಹಣೆಬರಹ. 1920ರಲ್ಲಿ ಅವರನ್ನು ತೋಳದ ಬಿಲದಿಂದ ತಂದದ್ದು ನಾನೇ ಎಂದವರು ಪಾದ್ರಿ ಜೆ.ಎ.ಎಲ್. ಸಿಂಗ್. ಅವರ ದಿನಚರಿಯನ್ನು ಲೋಕವೆಲ್ಲ ನಂಬಿತು. ಆಮೇಲೆ ಕೆದಕಿದವರು ಇದು ಕಟ್ಟುಕಥೆ ಎಂದರು.

ಸನೀಚರ್ ಹೆಸರಿನ ಬೋರ್ಡು ಗೋರಿಯಲ್ಲಿ ನನಗೆ ಕಾಣಲಿಲ್ಲ. ಹೊರಬಂದು ಕಥೆಯನ್ನು ಆಟೋದವನಿಗೆ ಹೇಳಿದೆ. ತೋಳದ ಭಾಗ ಅವನಿಗೆ ತುಂಬಾ ಹಿಡಿಸಿತು. ಅಕ್ಬರನ ಕೂಸುಗಳ ವಿಷಯಕ್ಕೆ ಮಾತ್ರ, "ರಾಜರು ಹಾಗೇ ಬಿಡಿ ಸಾಹೇಬ್ರೇ, ಈಗ ತಾಜ್‌ಗೆ ಹೋಗೋಣ್ವಾ?" ಎಂದು ಗಾಡಿ ಶುರು ಮಾಡಿದ.