ಇಲ್ಲ, ವಜ್ರ ತಂದಿಲ್ಲ

ಇಲ್ಲ. ಒಂದೂ ಇಲ್ಲ. ಬೇಕಾದರೆ ಬ್ಯಾಗು ಬಿಚ್ಚಿ ನೋಡಿಕೊಳ್ಳಿ.

ನಾನು ನಮೀಬಿಯಾಕ್ಕೆ ಹೋಗಿದ್ದು ಲುಡೆರಿಟ್ಜ್ ಬಂದರಿನಲ್ಲಿ ಮೀನಿಗೆ ಹಾಕುವ ಐಸ್ ಮಷಿನ್ ರಿಪೇರಿಗೆ. ಅಲ್ಲಿಂದ ಹತ್ತು ಕಿಲೋಮೀಟರ್ ಒಳಗೆ ಮರಳುಗಾಡಿನಲ್ಲಿ ಕೋಲ್ಮನ್ಸ್‌ಕೋಪ್ ಅಂತ ಹಾಳೂರು. ವಜ್ರದ ಕಂಪನಿಗಾಗಿ ಎದ್ದ ಊರು, 1956ರ ಹೊತ್ತಿಗೆ ಪೂರ್ತಿ ಖಾಲಿ. ಅದರ ಫೋಟೊ ಸ್ಟೇಟಸ್‌ಗೆ ಹಾಕಿದ್ದೇ ನನ್ನ ತಪ್ಪು.

ಹೋದ ವರ್ಷ ಗದಗಿನಲ್ಲಿ ಮದುವೆ ಊಟ. ಹೋಳಿಗೆ ಮೇಲೆ ತುಪ್ಪ ಬೀಳುವುದರೊಳಗೆ ಚಿಗವ್ವ ಎದುರು ಸಾಲಿಗೂ ಕೇಳುವ ಹಂಗ, "ಅಲ್ಲೋ ತಮ್ಮಾ, ಅಷ್ಟ ದೂರ ಹೋಗಿ ಒಂದರೆ ಹರಳು ಕಿಸೇದಾಗ ಹಾಕ್ಕೊಂಡ ಬರಬಾರದಿತ್ತೇನು?" ಅಂದಳು. ಪಕ್ಕದ ಮಾಮಾ, "ನುಂಗಿ ಬರೋದಪಾ!" ಇಡೀ ಪಂಕ್ತಿ ನಕ್ಕಿತು.

ಮಾಮಾ, ಆ ಉಪಾಯ ನಿಮಗಿಂತ ಮೊದಲೇ ಬೇರೆಯವರಿಗೆ ಹೊಳೆದಿತ್ತು. ಕೋಲ್ಮನ್ಸ್‌ಕೋಪ್ ಆಸ್ಪತ್ರೆಯ ಎಕ್ಸ್‌ರೇ ಮಷಿನ್ ಬರೇ ಎಲುಬು ನೋಡಲಿಕ್ಕಲ್ಲ, ಕೂಲಿಯವರು ನುಂಗಿದ ಹರಳು ಹುಡುಕಲಿಕ್ಕೂ ಇತ್ತು. ಕಪ್ಪತಗುಡ್ಡದಲ್ಲಿ ಬ್ರಿಟಿಷರು ಚಿನ್ನಕ್ಕೆ ತೋಡಿದ ಗುಂಡಿ ನೀವೂ ನೋಡಿ ಬಂದಿರಿ. ಎಷ್ಟು ತೊಲಿ ತಂದಿರಿ ಅಂತ ನಾನು ಕೇಳಿದೆನೇ?

ಕೋಲ್ಮನ್ಸ್‌ಕೋಪ್‌ನ ಆ ಮರಳಿನ ನಡುವೆ ಐಸ್ ಫ್ಯಾಕ್ಟರಿ ಇತ್ತು, ನಮ್ಮ ಕಸುಬಿನದು. ಅದನ್ನೂ ಯಾರೂ ಕೇಳುವುದಿಲ್ಲ. ಹೋಗಲಿ, ಮೊದಲ ಹರಳು ಸಿಕ್ಕಿದ್ದು ಯಾರಿಗೆ ಅಂತಾದರೂ ಕೇಳಬಾರದೇ? ಜಕರಿಯಾಸ್ ಲೆವಾಲಾ ಎಂಬ ರೈಲ್ವೆ ಕೂಲಿಗೆ, 1908ರಲ್ಲಿ. ಹಳಿ ಮೇಲೆ ಗಾಳಿ ತಂದು ಸುರಿದ ಮರಳನ್ನು ಸಲಿಕೆಯಿಂದ ತೆಗೆಯುವುದು ಅವನ ಕೆಲಸ. ಹರಳನ್ನು ಮೇಲಿನ ಸಾಹೇಬ ಆಗಸ್ಟ್ ಸ್ಟಾಖ್‌ನ ಕೈಗೆ ಕೊಟ್ಟ. ಸಾಹೇಬ ಶ್ರೀಮಂತನಾದ, ಲೆವಾಲಾಗೆ ಏನೂ ಸಿಗಲಿಲ್ಲ. (ಸಾಹೇಬನೂ 1947ರಲ್ಲಿ ಬಡವನಾಗಿಯೇ ಸತ್ತ. ಅದು ಬೇರೆ ಮಾತು.)

ಲೆವಾಲಾ ತೆಗೆದಷ್ಟೂ ಮರಳು ಈಗ ಸಾಹೇಬರ ಮನೆಯೊಳಗಿದೆ. ಒಂದು ಮನೆಯ ಬಾಗಿಲು ಅರ್ಧ ತೆರೆದು ಹಂಗೇ ಹುಗಿದುಹೋಗಿತ್ತು. ಅಡ್ಡಡ್ಡ ಸರಿದು ಒಳಹೊಕ್ಕೆ. ನೀಲಿ ಗೋಡೆ, ಕಿಟಕಿಯ ತನಕ ಮರಳಿನ ದಿಬ್ಬ, ಅದರ ಮೇಲೆ ಯಾವುದೋ ಹುಳ ಹರಿದುಹೋದ ಸಣ್ಣ ಗೆರೆ. ಮೊಣಕಾಲತನಕ ಇಳಿದೆ.

ಹುಬ್ಬಳ್ಳಿಗೆ ಬಂದು ಬೂಟು ಕೊಡವಿದರೆ ಒಂದು ಹಿಡಿ ಮರಳು ಬಿತ್ತು. ಅವ್ವ ಕಸಬರಿಗೆ ತಂದಳು. ಗುಡಿಸಿದ್ದನ್ನು ಹೊರಗೆ ಚೆಲ್ಲುವ ಮೊದಲು ಮೊರಕ್ಕೆ ಹಾಕಿ, ಅಂಗಳದ ಬಿಸಿಲಿಗೆ ಒಯ್ದು, ಬೆರಳಾಡಿಸಿ ಆಡಿಸಿ ನೋಡಿದಳು.